ಇದು ನಮ್ಮದಲ್ಲ ಸಾರ್

ಕಳೆದ ತಿಂಗಳು ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಟ್ರಾನ್ಸ್‌ಫಾರ್ಮರ್ ಹತ್ತಿ ಕರೆಂಟ್ ಹೊಡೆಸಿಕೊಂಡು ಸತ್ತ ಕೋತಿಯ ಮೆರವಣಿಗೆ. ಚಟ್ಟದ ಮೇಲೆ ಕೂರಿಸಿ, ಕೇಸರಿ ಶಲ್ಯ ಹೊದಿಸಿ, ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ತಮಟೆ, ಹಿಂದೆ ಭಜನೆ ಮಂಡಳಿ. ಹನುಮಂತರಾಯನ ಗುಡಿ ಪಕ್ಕದಲ್ಲೇ ಗುಂಡಿ ತೋಡಿದ್ದರು. ಹನ್ನೊಂದನೇ ದಿನಕ್ಕೆ ತಿಥಿ, ಊರಿಗೆಲ್ಲ ಪಾಯಸದೂಟ.

ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣ, ನೀನೂ ಏನಾದ್ರೂ ಹಾಕಣ್ಣ, ಎಲ್ರೂ ಹಾಕ್ತಾವ್ರೆ" ಅಂದ. ಎರಡು ಸಾವಿರ ಕಳಿಸಿದೆ. ಕಳಿಸಿದ ಮೇಲೆ ಸುಮ್ಮನೆ ಕೇಳಿದೆ: "ಅಲ್ಲೇ ಪ್ರಾಣ ಹೋಯ್ತೇನೋ?"

"ಇಲ್ಲಣ್ಣ, ಎರಡು ದಿನ ಇತ್ತು. ಒಂದ್ ಕೈ ಪೂರ್ತಿ ಸುಟ್ಟೋಗಿತ್ತು. ಅರಳಿಕಟ್ಟೆ ಮೇಲೆ ಕೂತ್ಕೊಂಡು ಕಿರುಗುಟ್ತಿತ್ತು. ಬಾಳೆಹಣ್ಣು, ಹಾಲು ಎಲ್ಲಾ ಇಟ್ವಿ, ಮುಟ್ನೇ ಇಲ್ಲ."

"ಡಾಕ್ಟ್ರಿಗೆ ತೋರಿಸಲಿಲ್ವಾ?"

ಆ ಕಡೆ ಒಂದು ಗಳಿಗೆ ಸದ್ದಿಲ್ಲ. "ಕೋತಿಗೆ ಯಾವ ಡಾಕ್ಟ್ರಣ್ಣ?" ಅಂದ. ದನಿಯಲ್ಲಿ ಕುಹಕವೇನೂ ಇರಲಿಲ್ಲ. ನಿಜವಾಗಿಯೂ ಕೇಳಿದ್ದ. ತಿಥಿಗೆ ಯಾರು ಅಡಿಗೆ, ಯಾರು ಶಾಮಿಯಾನ, ಎಲ್ಲ ಅವನಿಗೆ ಬಾಯಿಪಾಠ. ನರಳುವ ಕೋತಿಯನ್ನು ಯಾರ ಹತ್ತಿರ ಒಯ್ಯಬೇಕು ಅನ್ನುವುದು ಮಾತ್ರ ನಮ್ಮ ಹೋಬಳಿಯಲ್ಲೇ ಯಾರಿಗೂ ಗೊತ್ತಿಲ್ಲ.

ನನಗೆ ಅಷ್ಟೊಂದು ಚುಚ್ಚಿದ್ದು ಯಾಕೆಂದರೆ, ಅದೇ ವಾರ ನಾನು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಒಂದು ಪಾಸಮ್ಮನ್ನು ಟವೆಲಿನಲ್ಲಿ ಸುತ್ತಿಕೊಂಡು ಪ್ರಾಣಿ ಆಸ್ಪತ್ರೆಗೆ ಓಡಿದ್ದೆ.

ಪಾಸಮ್ ಅಂದರೆ ನೋಡದವರಿಗೆ ಹೇಳುವುದು ಕಷ್ಟ. ಅಳಿಲಿಗಿಂತ ದೊಡ್ಡದು, ಬೆಕ್ಕಿಗಿಂತ ಚಿಕ್ಕದು, ಕಾಡುಪಾಪನ ಹಾಗೆ ಕಣ್ಣು, ಬಾಲದ ತುದಿ ಮಾತ್ರ ಸುಣ್ಣ ಬಳಿದಂತೆ ಬಿಳಿ. ಹೊಟ್ಟೆಯಲ್ಲಿ ಚೀಲ. ಹಗಲೆಲ್ಲ ಗೂಡಲ್ಲಿ ಮಲಗಿ, ರಾತ್ರಿ ನಮ್ಮ ಬೇಲಿ ಮೇಲೆ ಓಡಾಡಿ, ನಾನು ಬೆಳೆಸಿದ ಕರಿಬೇವಿನ ಚಿಗುರು ಮುಗಿಸಿ ಹೋಗುತ್ತದೆ. ಹನ್ನೊಂದು ವರ್ಷದಿಂದ ಅದನ್ನು ಬೈಯುತ್ತಲೇ ಇದ್ದೇನೆ. ಅವತ್ತು ಪಕ್ಕದ ಬೀದಿಯ ಬೆಕ್ಕು ಹಿಡಿದು ನಮ್ಮ ಬಾಗಿಲ ಮುಂದೆ ಬಿಟ್ಟು ಹೋಗಿತ್ತು.

ಪಕ್ಕದ ಮನೆಯ ನಿವೃತ್ತ ಟ್ರಾಮ್ ಡ್ರೈವರ್ ಪೈಜಾಮದಲ್ಲೇ ಬಂದು ಅಪ್ಪಣೆ ಕೊಟ್ಟರು. ರಟ್ಟಿನ ಡಬ್ಬಿಗೆ ಹಾಕು, ಕತ್ತಲು ಮಾಡು, ನೀರು ಬೇಡ, ತಿಂಡಿ ಬೇಡ, ಹಾಲಂತೂ ಬೇಡವೇ ಬೇಡ, ಮಾತಾಡಿಸಬೇಡ. ಆಮೇಲೆ ಫೋನು. ರಾಜ್ಯಕ್ಕೆಲ್ಲ ಒಂದು ನಂಬರು, ಎತ್ತಿದವರು ಸ್ವಯಂಸೇವಕರು. ಆಸ್ಪತ್ರೆಯಲ್ಲಿ ಮೇಜಿನ ಹಿಂದಿದ್ದ ಹುಡುಗಿ ಡಬ್ಬಿ ಇಸಕೊಂಡು ಕೇಳಿದ್ದು ಒಂದೇ: ಸರಿಯಾಗಿ ಎಲ್ಲಿ ಸಿಕ್ಕಿತು? ಮನೆ ನಂಬರು, ಬೀದಿ, ಬಾಗಿಲೋ ಹಿತ್ತಲೋ. ವಾಸಿಯಾದರೆ ಅಲ್ಲೇ ಬಿಡಬೇಕಂತೆ. ಪಾಸಮ್‌ಗೆ ತನ್ನ ನಾಲ್ಕು ಮರದ ಸರಹದ್ದು ದಾಟಿದರೆ ಬದುಕೇ ಇಲ್ಲ. ಸೂರಿನಲ್ಲಿ ಕಾಟ ಕೊಡುವ ಪಾಸಮ್ಮನ್ನು ಬೋನಿಟ್ಟು ಹಿಡಿದರೂ ಐವತ್ತು ಮೀಟರ್ ಒಳಗೇ ಬಿಡಬೇಕು ಎಂದು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕಾನೂನೇ ಇದೆ.

ನಾನು ಅಭ್ಯಾಸಬಲದಿಂದ ಪರ್ಸು ತೆಗೆದೆ. ಸ್ನೇಹಿತರ ನಾಯಿಯ ಹೊಟ್ಟೆನೋವಿಗೆ ಇದೇ ಊರಲ್ಲಿ ಐನೂರು ಡಾಲರ್ ಬಿಲ್ ಆದದ್ದು ಕಣ್ಣಾರೆ ಕಂಡಿದ್ದೆ. ಹುಡುಗಿ ತಲೆಯಾಡಿಸಿದಳು. "ದುಡ್ಡೇನೂ ಇಲ್ಲ. ಅದು ನಿಮ್ಮದಲ್ಲವಲ್ಲ."

ಅದು ನಿಮ್ಮದಲ್ಲವಲ್ಲ. ಕಾರಿಗೆ ಬಂದು ಕೂತ ಮೇಲೂ ಆ ಮಾತು ಬಿಡಲಿಲ್ಲ. ಇದೇ ಮಾತನ್ನು ಹೋದ ಆಷಾಢದಲ್ಲಿ ತುಮಕೂರಿನಲ್ಲಿ ಕೇಳಿದ್ದೆ. ಮಾತು ಅದೇ, ಅರ್ಥ ಮಾತ್ರ ತಿರುವುಮುರುವು.

ಆ ಕತೆ ಹೀಗೆ. ರಜಕ್ಕೆ ಬಂದಿದ್ದೆ. ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ಬಾಮೈದನದು ದಿನಸಿ ಅಂಗಡಿ. ಆಷಾಢದ ಗಾಳಿಗೆ ಮೈದಾನದ ತುಂಬ ಗಾಳಿಪಟ. ಸಂಜೆ ನಾಲ್ಕರ ಹೊತ್ತಿಗೆ ಅಂಗಡಿ ಮುಂದಿನ ಬೇವಿನ ಮರಕ್ಕೂ ಕೇಬಲ್ ವೈರಿಗೂ ನಡುವೆ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ನೈಲಾನ್ ಮಾಂಜಾ. ರಾಷ್ಟ್ರೀಯ ಹಸಿರು ನ್ಯಾಯಪೀಠ 2017ರಲ್ಲೇ ದೇಶಕ್ಕೆಲ್ಲ ನಿಷೇಧ ಹಾಕಿದ ದಾರ ಅದು. ಎರಡು ಬೀದಿ ಆಚೆ ಉಂಡೆಗಟ್ಟಲೆ ಸಿಗುತ್ತಿತ್ತು.

ಅಂಗಡಿಯ ಹುಡುಗ ಹತ್ತಿ ಇಳಿಸಿದ. ನಾನು ಟವೆಲ್ ಮುಚ್ಚಿದೆ. ಅಷ್ಟರಲ್ಲಿ ಜನ ಸೇರಿದರು, ನಮ್ಮಲ್ಲಿ ಸೇರದೆ ಇರುತ್ತಾರೆಯೇ. ಒಬ್ಬರು ಕೊಕ್ಕು ಬಿಡಿಸಿ ನೀರು ಬಿಡಿ ಅಂದರು. ಒಬ್ಬ ಹೆಂಗಸು ಒಳಗೋಡಿ ಲೋಟದಲ್ಲಿ ಹಾಲು ತಂದರು. ಇನ್ನೊಬ್ಬರು ಅರಿಶಿನ. ತಾತನೊಬ್ಬ ಚಪ್ಪಲಿ ಬಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡ. "ಗರುಡ ಅಲ್ಲ ತಾತ, ಹದ್ದು" ಅಂದ ನನ್ನ ಬಾಮೈದ. "ಎಲ್ಲಾ ಒಂದೇ ಕಣಪ್ಪ, ಸ್ವಾಮಿ ವಾಹನ." ಅಷ್ಟೂ ಜನರ ಕಣ್ಣಲ್ಲಿ ಅಯ್ಯೋ ಅನ್ನುವ ಭಾವ ಇತ್ತು, ಸುಳ್ಳು ಹೇಳಬಾರದು. ಆದರೆ ಆ ಅಯ್ಯೋಗೆ ಹೋಗಲು ದಾರಿ ಇರಲಿಲ್ಲ.

ದಾರ ರೆಕ್ಕೆಯ ಮುಂಭಾಗದ ಪೊರೆಯನ್ನು ಸೀಳಿತ್ತು. ಹಕ್ಕಿಯ ಭುಜದಿಂದ ಮಣಿಕಟ್ಟಿನವರೆಗೆ ಒಂದು ತೆಳು ಚರ್ಮ ಕೊಡೆಬಟ್ಟೆಯ ಹಾಗೆ ಬಿಗಿದಿರುತ್ತದೆ. ಅದರ ಅಂಚಿನಲ್ಲೊಂದು ನರದಂಥ ಸ್ನಾಯುರಜ್ಜು. ಆ ಪೊರೆ ಇಲ್ಲದೆ ರೆಕ್ಕೆ ಗಾಳಿ ಹಿಡಿಯುವುದಿಲ್ಲ. ಬೇಗ ತೊಳೆದು, ಒದ್ದೆಯಾಗಿಟ್ಟು, ಹೊಲಿದರೆ ಹಕ್ಕಿ ಮತ್ತೆ ಹಾರುವ ಸಾಧ್ಯತೆ ಉಂಟು. ಒಣಗಿ ಸೆಟೆದುಕೊಂಡರೆ ಬದುಕಿದರೂ ಕೋಳಿಯೇ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಆಗ ಗೊತ್ತಿದ್ದದ್ದು ಬೇಗ ಹೋಗಬೇಕು ಅನ್ನುವುದು ಮಾತ್ರ.

ಬಿಸ್ಕತ್ತಿನ ರಟ್ಟಿನ ಡಬ್ಬಿಗೆ ಹಾಕಿಕೊಂಡು ಹತ್ತಿರದ ಒಂದು ಪಶು ಆಸ್ಪತ್ರೆಗೆ ಹೋದೆವು. ಹೊರಗೆ ಎರಡು ಮೇಕೆ, ಒಂದು ಸೀಮೆಹಸು, ಹಗ್ಗ ಹಿಡಿದ ರೈತರು. ಡಾಕ್ಟರು ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡು ಹಸುವಿನ ಹಿಂದೆ ನಿಂತಿದ್ದರು, ಕೈ ಒಳಗೆ. ತಿರುಗಿ ಡಬ್ಬಿ ನೋಡಿದರು. "ಏನದು?"

"ಹದ್ದು ಸಾರ್. ಮಾಂಜಾ ಸಿಕ್ಕಿದೆ."

"ಇದು ನಮ್ಮದಲ್ಲ ಸಾರ್. ಫಾರೆಸ್ಟ್‌ನೋರ್ದು. ಅವರಿಗೆ ಹೇಳಿ."

ಫಾರೆಸ್ಟ್‌ನವರಿಗೆ ಹೇಳಿದೆವು. ಒಂದೂವರೆ ಗಂಟೆ ಕಳೆದು ಒಬ್ಬ ಗಾರ್ಡ್ ಬೈಕಿನಲ್ಲಿ ಬಂದ, ವಯಸ್ಸು ಮೂವತ್ತೂ ಇಲ್ಲ. ಡಬ್ಬಿ ಮುಚ್ಚಳ ಒಂದಿಷ್ಟು ಎತ್ತಿ ನೋಡಿ ನಾಲಿಗೆ ಕಚ್ಚಿದ. "ನಾವು ಹಿಡೀತೀವಿ, ಬಿಡ್ತೀವಿ ಸಾರ್. ನಮ್ಮತ್ರ ಡಾಕ್ಟ್ರಿಲ್ಲ. ವೆಟರ್ನರಿಯೋರನ್ನೇ ಕರೀಬೇಕು. ಇಲ್ಲಾಂದ್ರೆ ಬೆಂಗಳೂರು."

ವೆಟರ್ನರಿಯವರೇ ಇವನನ್ನು ಕರೆಯಿರಿ ಅಂದಿದ್ದರು. ನಮ್ಮ ಹದ್ದು ಎರಡು ಇಲಾಖೆಯ ನಡುವಿನ ದಾರಕ್ಕೂ ಸಿಕ್ಕಿಕೊಂಡಿತು.

ತಮಾಷೆಯೆಂದರೆ ಇಬ್ಬರೂ ಹೇಳಿದ್ದು ಸರಿ. 1972ರ ವನ್ಯಜೀವಿ ಕಾಯ್ದೆ ಕಾಡುಪ್ರಾಣಿಯ ಹೊಣೆ ಅರಣ್ಯ ಇಲಾಖೆಯ ಮೇಲೆ ಹಾಕಿದೆ. ಹಿಡಿದದ್ದು, ಸತ್ತು ಸಿಕ್ಕಿದ್ದು ಸರ್ಕಾರದ ಆಸ್ತಿ. ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು. ಸೂಜಿ, ಹೊಲಿಗೆ, ಮದ್ದು ಇರುವುದು ಪಶುಪಾಲನಾ ಇಲಾಖೆಯಲ್ಲಿ. ಅರಣ್ಯ ಇಲಾಖೆಯಲ್ಲಿರುವ ವನ್ಯಜೀವಿ ವೈದ್ಯರು ಎಂದರೆ ಬಹುಪಾಲು ಅಲ್ಲಿಂದ ಎರವಲು ಸೇವೆಯ ಮೇಲೆ ಬಂದವರು, ಅದೂ ಬೆರಳೆಣಿಕೆ. ಅವರು ಆನೆಗೆ ಅರಿವಳಿಕೆ ಕೊಡಬೇಕು, ಬಾವಿಗೆ ಬಿದ್ದ ಚಿರತೆ ಎತ್ತಬೇಕು, ಹುಲಿ ಸೆರೆ ಕಾರ್ಯಾಚರಣೆಗೆ ಹೋಗಬೇಕು. ನಮ್ಮ ಜಿಲ್ಲೆಗೆ ಚಿರತೆ ಬಂದಾಗಲೂ ಬಂದೂಕು ಹಿಡಿದ ಡಾಕ್ಟರಿಗಾಗಿ ಊರೇ ದಾರಿ ಕಾಯುವುದು ಇದಕ್ಕೇ. ಹದ್ದಿಗೆ ಎಲ್ಲಿಂದ ಬರಬೇಕು?

ದನಕ್ಕಾದರೆ ನೋಡಿ, 1962 ಒತ್ತಿದರೆ ಪಶು ಸಂಜೀವಿನಿ ಆಂಬುಲೆನ್ಸ್ ಕೊಟ್ಟಿಗೆ ಬಾಗಿಲಿಗೇ ಬರುತ್ತದೆ. ಒಳ್ಳೆಯದೇ. ಹಸು ಹಾಲು ಕೊಡುತ್ತದೆ, ಡೈರಿಗೆ ಹೋಗುತ್ತದೆ, ಹದ್ದಿನಿಂದ ಹಾಲು ಕರೆಯುವುದಕ್ಕೆ ಆಗುವುದಿಲ್ಲ.

ಬೆಂಗಳೂರಿಗೇ ಹೊರಟೆವು. ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನವರ ಆಸ್ಪತ್ರೆ ಇದೆ, ಪಟ್ಟಣದ ಕಾಡುಜೀವಿಗಳಿಗೆಂದೇ ಇರುವುದು, ಹದ್ದುಗಳ ರೆಕ್ಕೆ ಹೊಲಿದು ಕೈ ಪಳಗಿದವರು. ಬಾಮೈದ ಕಾರು ಓಡಿಸಿದ, ನಾನು ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡೆ. ಕ್ಯಾತ್ಸಂದ್ರ ಟೋಲ್‌ನಲ್ಲಿ ಇನ್ನೂ ಒಳಗೆ ಪರಪರ ಸದ್ದು ಇತ್ತು. ದಾಬಸ್‌ಪೇಟೆ ದಾಟಿದ ಮೇಲೆ ಸದ್ದು ನಿಂತಿತು. ನೋಡಬೇಡಿ ಭಾವ, ಮಲಗಿರುತ್ತೆ ಅಂದ. ನೆಲಮಂಗಲದಲ್ಲಿ ಗಾಡಿ ನಿಲ್ಲಿಸಿ ನೋಡಿದೆವು.

ಕಾರು ತಿರುಗಿಸುವಾಗ ನನ್ನ ಬಾಯಿಂದ ಬರಬಾರದ ಮಾತೆಲ್ಲ ಬಂತು. ನಮ್ಮ ದೇಶ, ನಮ್ಮ ಇಲಾಖೆ, ಎಲ್ಲಕ್ಕೂ. ಹೊರಗಿದ್ದು ಬಂದವರಿಗೆ ಈ ಚಾಳಿ ಇದೆ, ಒಪ್ಪಿಕೊಳ್ಳುತ್ತೇನೆ. ಬಾಮೈದ ಸುಮ್ಮನೆ ಕೇಳಿಸಿಕೊಂಡ. ನಂತರ "ಊಟಕ್ಕೆ ನಿಲ್ಲಿಸ್ಲಾ ಭಾವ?" ಅಂದ.

ಆಮೇಲೂ ಯೋಚಿಸಿದ್ದೇನೆ. ನಮ್ಮಲ್ಲಿ ಪ್ರಾಣಿ ಎಂದರೆ ಒಂದೋ ದೇವರು, ಇಲ್ಲ ದೆವ್ವ, ಇಲ್ಲ ದನ. ರೋಗಿ ಅನ್ನುವ ನಾಲ್ಕನೇ ಮನೆ ನಾವು ಕಟ್ಟಿಯೇ ಇಲ್ಲ. ಕೋತಿ ಹನುಮಂತ, ನಾಗರ ಸುಬ್ರಹ್ಮಣ್ಯ, ಹದ್ದು ಸ್ವಾಮಿಯ ವಾಹನ. ಸತ್ತ ನಾಗರಹಾವಿಗೆ ಕಾಸು ಇಟ್ಟು ಸುಡುತ್ತೇವೆ. ಬದುಕಿರುವ ಹಾವಿಗೆ ಅದು ಕುಡಿಯದ ಹಾಲು ಎರೆಯುತ್ತೇವೆ. ಗೂಬೆ ಮನೆ ಮೇಲೆ ಕೂತರೆ ಶಾಂತಿ. ಕಾಡುಪಾಪನ ಪಾಡು ಇನ್ನೂ ಕಷ್ಟ. ನಮ್ಮ ಹೆಬ್ಬೂರು, ನಾಗವಲ್ಲಿ ಕಡೆಯ ತೋಟಗಳಲ್ಲಿ, ಊರ ಮಗ್ಗುಲಲ್ಲೇ ಕಾಡುಪಾಪ ಇದೆ, ಎಷ್ಟು ಊರಿಗೆ ಆ ಭಾಗ್ಯ? ನಾನು ಹುಡುಗನಾಗಿದ್ದಾಗ ಅದರ ಕಣ್ಣಿಗೆ, ಮೈಗೆ ಮಾಟದವರು ಎಷ್ಟು ಬೇಕಾದರೂ ಕೊಡುತ್ತಾರೆ ಎಂದು ಪಿಸುಗುಡುತ್ತಿದ್ದರು. ಕರೆಂಟ್ ತಂತಿಗೆ ಸಿಕ್ಕಿ ಸುಟ್ಟ ಕಾಡುಪಾಪಕ್ಕೆ ಮುಲಾಮು ಹಚ್ಚಿದರು ಅಂತ ಯಾರೂ ಹೇಳಿದ್ದು ನೆನಪಿಲ್ಲ.

ಮೆಲ್ಬರ್ನ್‌ನಲ್ಲಿ ಯಾವ ಪ್ರಾಣಿಯೂ ದೇವರಲ್ಲ. ಹಾಗಾಗಿಯೇ ಇರಬೇಕು, ಅದು ರೋಗಿಯಾಗಬಲ್ಲದು. ಹಳ್ಳಿ ಕಡೆ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಕಾಂಗರೂ ಮೈಮೇಲೆ ಬಣ್ಣದಲ್ಲಿ ಇಂಟು ಗುರುತು ಹಾಕಿರುತ್ತಾರೆ. ಮೊದಲ ಸಲ ನೋಡಿದಾಗ, ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಮರಕ್ಕೆ ನಂಬರ್ ಬರೆಯುತ್ತಾರಲ್ಲ ಹಾಗೆ, ಎತ್ತಿಕೊಂಡು ಹೋಗುವುದಕ್ಕೆ ಕಾರ್ಪೊರೇಶನ್‌ನವರ ಗುರುತು ಅಂದುಕೊಂಡಿದ್ದೆ. ಅಲ್ಲವಂತೆ. ಯಾರೋ ದಾರಿಹೋಕರು ಗಾಡಿ ನಿಲ್ಲಿಸಿ, ಸತ್ತ ತಾಯಿಯ ಚೀಲಕ್ಕೆ ಕೈ ಹಾಕಿ ಮರಿ ಇದೆಯೇ ನೋಡಿಯಾಗಿದೆ, ಮುಂದಿನವರು ನಿಲ್ಲಿಸಬೇಕಿಲ್ಲ ಅನ್ನುವ ಗುರುತು. ತಾಯಿ ಸತ್ತರೂ ಚೀಲದಲ್ಲಿ ಮರಿ ಬದುಕಿರುವುದುಂಟು.

ಪಕ್ಕದ ಮನೆಯ ಟ್ರಾಮ್ ಡ್ರೈವರ್ ಅಂಥ ಒಂದು ಮರಿಯನ್ನು ಸಾಕಿದ್ದರು. ಅಡಿಗೆಮನೆಯ ಕುರ್ಚಿಗೆ ದಿಂಬಿನ ಗವಸು ನೇತುಹಾಕಿ, ಅದರೊಳಗೆ ಕೂದಲಿಲ್ಲದ ಉದ್ದ ಕಾಲಿನ ಒಂದು ಜೀವ. ಮೂರು ಮೂರು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಬಾಟಲಿ ಹಿಡಿಯುತ್ತಿದ್ದರು, ಎಪ್ಪತ್ತೆರಡನೇ ವಯಸ್ಸಿನಲ್ಲಿ. ಹಸುವಿನ ಹಾಲು ಕೊಟ್ಟರೆ ಭೇದಿಯಾಗಿ ಕಣ್ಣಿಗೂ ಕೆಡುಕಂತೆ, ಬೇರೆ ಪುಡಿ ಇದೆ. ಸಾಕಿದ್ದು ಅಂದೆ, ತಪ್ಪು. ಸಾಕುವಂತಿಲ್ಲ. ಸರ್ಕಾರದ ಅಪ್ಪಣೆ ಪತ್ರ ಇದ್ದರೆ ಮಾತ್ರ ಹೀಗೆ ಸಲಹಬಹುದು, ಬಲಿತ ಮೇಲೆ ಕಾಡಿಗೆ ಬಿಡಲೇಬೇಕು. ಹೆಸರಿಡಬೇಡಿ ಅಂತ ನನ್ನ ಮಗಳಿಗೆ ಗದರಿದ್ದರು. ಅವಳು ಗುಟ್ಟಾಗಿ ಪುಟ್ಟಣ್ಣ ಅಂತ ಇಟ್ಟಿದ್ದಳು.

ಅಲ್ಲಿನ ಏರ್ಪಾಡಿನಲ್ಲಿ ನನಗೆ ಹಿಡಿಸಿದ್ದು ಯಂತ್ರ, ಎಕ್ಸ್‌ರೇ, ಹೊಳೆಯುವ ನೆಲ ಯಾವುದೂ ಅಲ್ಲ. ನಾಯಿ ಬೆಕ್ಕಿನ ಡಾಕ್ಟರು ಕಾಡುಪ್ರಾಣಿಯನ್ನೂ ಮೇಜಿನ ಮೇಲೆ ಇಳಿಸಿಕೊಳ್ಳುತ್ತಾರೆ, ಆಮೇಲೆ ಕಾಗದಪತ್ರ. ಮೊದಲು ನೋವಿಗೆ ಮದ್ದು, ನೀರು, ಬಿಸುಪು. ದೊಡ್ಡ ಕೆಲಸವಿದ್ದರೆ ನೂರು ಮೈಲಿ ಆಚೆಗಾದರೂ ದಾಟಿಸುತ್ತಾರೆ. ಹದ್ದಿಗೂ ಬೇಕಾಗಿದ್ದದ್ದು ಅಷ್ಟೇ. ತುಮಕೂರಿನಲ್ಲಿ ಹತ್ತು ನಿಮಿಷ, ಗಾಯ ತೊಳೆದು, ಒದ್ದೆ ಬ್ಯಾಂಡೇಜು ಬಟ್ಟೆ ಕಟ್ಟಿ, ಒಂದು ಇಂಜೆಕ್ಷನ್. ಕೆಂಗೇರಿ ಆಮೇಲೆ ಇದ್ದೇ ಇತ್ತು.

ದನದ ಡಾಕ್ಟರಿಗೂ ಆಕಾಶದ ಹಕ್ಕಿಗೂ ಏನು ಸಂಬಂಧ ಎಂದು ಕೇಳುವವರಿಗೆ ರಣಹದ್ದಿನ ಕತೆ ಹೇಳಬೇಕು. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, ದೇಶದಲ್ಲಿ ಅವುಗಳ ಸಂತತಿಯನ್ನೇ ಗುಡಿಸಿ ಹಾಕಿತು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಉಳಿದಿರುವುದನ್ನು ಬೆರಳಲ್ಲೇ ಎಣಿಸುವ ಸ್ಥಿತಿ. ಕೊಟ್ಟಿಗೆಯ ಸಿರಿಂಜು ಬೆಟ್ಟದ ತುದಿಗೆ ಮುಟ್ಟಿದೆ, ಇಲಾಖೆ ಬೇರೆ ಎಂದು ಅದು ನಿಲ್ಲಲಿಲ್ಲ. ಮಲೆನಾಡಿನಲ್ಲಿ ಮಂಗ ಸತ್ತರೆ ಊರಿಗೇ ಎಚ್ಚರಿಕೆ. ಮಂಗನ ಕಾಯಿಲೆ ಮೊದಲು ಕಂಡದ್ದೇ 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರಿನ ಕಾಡಲ್ಲಿ.

ಇಷ್ಟು ಬರೆದು ಹೆಂಡತಿಗೆ ಓದಿದೆ. ಅವಳು ಪಾತ್ರೆ ಒರೆಸುತ್ತಾ, "ಆ ಪಾಸಮ್ ಏನಾಯ್ತು ಅಂತ ಯಾಕೆ ಬರೀಲಿಲ್ಲ?" ಅಂದಳು.

ಬರೆಯಬೇಕೆಂದಿರಲಿಲ್ಲ. ಮಾರನೇ ದಿನ ಫೋನ್ ಮಾಡಿ ಕೇಳಿದ್ದೆ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸೂಜಿಮೊನೆಯಷ್ಟು, ಒಳಗೆ ನಂಜು ಹರಡುತ್ತದೆ. ರಾತ್ರಿಯೇ ಸೂಜಿ ಹಾಕಿ ಮಲಗಿಸಿಬಿಟ್ಟಿದ್ದರು. ಅಲ್ಲಿ ಅದಕ್ಕೆ ನಯವಾದ ಮಾತಿದೆ. ನಮ್ಮ ಕಡೆ ಅಷ್ಟು ನಯವಾಗಿ ಹೇಳಲು ಬರುವುದಿಲ್ಲ. ಮೇಜಿನ ಮೇಲೆ ಬಂದ ಕಾಡುಪ್ರಾಣಿಗಳಲ್ಲಿ ಬಹಳಷ್ಟಕ್ಕೆ ಆಗುವುದು ಹೀಗೇ, ಕಾಡಿಗೆ ಮರಳಿ ಬಾಳಲಾರದ್ದನ್ನು ಬೋನಿನಲ್ಲಿ ಕೊಳೆಸಬಾರದು ಎಂಬುದು ಅವರ ಲೆಕ್ಕ. ಲೆಕ್ಕ ಸರಿ ಇರಬಹುದು. ನನ್ನ ಪಾಸಮ್ಮೂ ಸತ್ತಿತು, ನನ್ನ ಹದ್ದೂ ಸತ್ತಿತು. ಒಂದು ಬೆಚ್ಚಗೆ, ನೋವಿಲ್ಲದೆ, ಇನ್ನೊಂದು ಬಿಸ್ಕತ್ತಿನ ಡಬ್ಬಿಯಲ್ಲಿ. ವ್ಯತ್ಯಾಸ ಇದೆ ಅಂತಲೇ ಈಗಲೂ ಹೇಳುತ್ತೇನೆ, ಮೊದಲು ಹೇಳಿದಷ್ಟು ಜೋರಾಗಿ ಅಲ್ಲ.

ಗೊರವಂಕದ ವಿಷಯವನ್ನೂ ಹೇಳಿಬಿಡುತ್ತೇನೆ. 1860ರ ದಶಕದಲ್ಲಿ ತರಕಾರಿ ತೋಟದ ಹುಳು ತಿನ್ನಲೆಂದು ಮೆಲ್ಬರ್ನ್‌ಗೆ ತಂದು ಬಿಟ್ಟ ಹಕ್ಕಿ ಅದು. ಹೆಸರೇ ಇಂಡಿಯನ್ ಮೈನಾ. ಈಗ ಅಲ್ಲಿನವರಿಗೆ ಕಂಡರಾಗದು, ಸ್ಥಳೀಯ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುತ್ತದೆ ಎಂದು. ಒಮ್ಮೆ ಕಾಲು ಮುರಿದ ಗೊರವಂಕವನ್ನು ನಾನು ಅದೇ ಹುರುಪಿನಲ್ಲಿ ಡಬ್ಬಿಯಲ್ಲಿ ಒಯ್ದೆ. ನರ್ಸ್ ಮುಚ್ಚಳ ತೆಗೆದು ನನ್ನ ಮುಖ ನೋಡಿದಳು. "ಇದು ಸ್ಥಳೀಯ ಅಲ್ಲ" ಅಂದಳು. ಗುಣಪಡಿಸಿ ಬಿಡುವಂತಿಲ್ಲ, ಸೂಜಿ ಒಂದೇ. ಅವಳು ಹೇಳಿದ್ದು ಹಕ್ಕಿಗೇ, ಗೊತ್ತು. ಆದರೂ ಪಾಸ್‌ಪೋರ್ಟ್ ಮನೆಯಲ್ಲೇ ಬಿಟ್ಟು ಬಂದವನ ಹಾಗೆ ಜೇಬು ಮುಟ್ಟಿ ನೋಡಿಕೊಂಡೆ. ನಮ್ಮ ಅಜ್ಜಿ ಅಂಗಳದಲ್ಲಿ ರಾಗಿ ಎರಚಿದರೆ ಯಾವ ಹಕ್ಕಿ ಯಾವ ಊರಿನದು ಅಂತ ಕೇಳುತ್ತಿರಲಿಲ್ಲ.

ಇನ್ನು, ಅದೇ ವಿಕ್ಟೋರಿಯಾದಲ್ಲಿ 2019ರಿಂದ ಕಾಂಗರೂಗಳನ್ನು ಕೋಟಾ ಪ್ರಕಾರ ಹೊಡೆದು ಮಾಂಸಕ್ಕೆ ಮಾರುವ ಏರ್ಪಾಡೂ ಇದೆ. ಒಂದು ಕೈ ಚೀಲದಲ್ಲಿ ಮರಿ ಹುಡುಕುತ್ತದೆ, ಇನ್ನೊಂದು ಕೈ ಬಂದೂಕು ಹಿಡಿಯುತ್ತದೆ. ಬಿಳಿಯರು ಕಾಲಿಟ್ಟ ಮೇಲೆ ಆ ನೆಲದಲ್ಲಿ ನಿರ್ನಾಮವಾದ ಸಸ್ತನಿ ಜಾತಿಗಳು ಮೂವತ್ತಕ್ಕೂ ಹೆಚ್ಚು, ಜಗತ್ತಿನಲ್ಲಿ ಬೇರೆಲ್ಲೂ ಈ ಕಾಲದಲ್ಲಿ ಅಷ್ಟಾಗಿಲ್ಲ. ಆಸ್ಪತ್ರೆ ಅಷ್ಟು ಚೆನ್ನಾಗಿರುವುದಕ್ಕೆ ಆ ಪಾಪವೂ ಒಂದು ಕಾರಣವೋ ಏನೋ. ನಮ್ಮಲ್ಲಿ ಆಸ್ಪತ್ರೆ ಇಲ್ಲ, ಪ್ರಾಣಿ ಇದೆ. ಮಧುಗಿರಿಯ ಮೈದನಹಳ್ಳಿ ಬಯಲಲ್ಲಿ ಕೃಷ್ಣಮೃಗ ಇನ್ನೂ ನೆಗೆಯುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ಹುಣಸೆಮರದಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆಳಗೆ ಮನೆ, ಒಲೆ, ಮಗು, ಎಮ್ಮೆ. ಮೇಲಿಂದ ಹಿಕ್ಕೆ, ಕೊಳೆತ ಮೀನಿನ ವಾಸನೆ. ನಾನು ಹೋದಾಗ ಒಬ್ಬ ಅಜ್ಜಿ ಹೇಳಿದರು, ಮರಿ ಬಿದ್ದರೆ ಬುಟ್ಟಿಯಲ್ಲಿಟ್ಟು ನಾಯಿಗೆ ಸಿಗದ ಹಾಗೆ ಕಾಯ್ತೀವಿ, ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಕಣಪ್ಪ ಅವು. ಮೆಲ್ಬರ್ನ್‌ನ ಯಾವ ಬಡಾವಣೆಯವರು ಆ ವಾಸನೆಯನ್ನು ಒಂದು ವಾರ ತಡೆದುಕೊಂಡಾರು? ಕೌನ್ಸಿಲ್‌ಗೆ ದೂರು ಹೋಗಿರುತ್ತಿತ್ತು.

ತುಮಕೂರಿನ ಆ ದನದ ಡಾಕ್ಟರ ಬಗ್ಗೆಯೂ ಬಾಮೈದ ನಂತರ ಹೇಳಿದ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಹಳ್ಳಿ ಹಳ್ಳಿ ತಿರುಗಿ ಮನೆ ಮುಖ ನೋಡಿರಲಿಲ್ಲವಂತೆ ಆತ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಸರ್ಟಿಫಿಕೇಟು, ಪೋಸ್ಟ್‌ಮಾರ್ಟಮ್, ಎಲ್ಲಕ್ಕೂ ಒಬ್ಬರೇ. ಕೈ ಹಸುವಿನೊಳಗೆ ಇದ್ದವರನ್ನು ನಾನು ಹದ್ದು ನೋಡಿ ಅಂದಿದ್ದೆ. ಅವತ್ತು ಡಬ್ಬಿ ಹೊತ್ತು ಹೊರಡುವಾಗ ಹಿಂದಿನಿಂದ ಕೂಗಿ ಹೇಳಿದ್ದರಂತೆ, "ಹಾಲು ಗೀಲು ಹಾಕ್ಬೇಡಿ ಬಾಯಿಗೆ, ಶ್ವಾಸಕ್ಕೆ ಹೋಗುತ್ತೆ." ಬಾಮೈದನಿಗೆ ಕೇಳಿಸಿದೆ. ನನಗೆ ಕೇಳಿಸಿದ್ದು ನಮ್ಮದಲ್ಲ ಅನ್ನುವುದು ಮಾತ್ರ.

ಮೊನ್ನೆ ಶನಿವಾರ ಮಧ್ಯಾಹ್ನ ಬಾಮೈದನ ವಿಡಿಯೋ ಕಾಲ್. ತೆಂಗಿನಕಾಯಿ ಚೀಲಗಳ ಹಿಂದೆ, ಗಲ್ಲಾಪೆಟ್ಟಿಗೆ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ, ಸುತ್ತ ಮೊಳೆಯಲ್ಲಿ ತೂತು ಹೊಡೆದದ್ದು. ಹದ್ದಿನ ಕತೆ ಆದ ಮೇಲೆ ಅಂಗಡಿಯಲ್ಲಿ ಅಂಥದ್ದೊಂದು ಖಾಲಿ ಡಬ್ಬಿ ಸದಾ ಇಟ್ಟಿರುತ್ತಾನಂತೆ, ನನಗೆ ಗೊತ್ತೇ ಇರಲಿಲ್ಲ.

"ಭಾವ, ಗೂಬೆ. ಕಾಗೆಗಳು ಅಟ್ಟಿಸ್ಕೊಂಡು ಬಂದು ಶಟರ್‌ಗೆ ಬಡ್ಕೊಂಡು ಬಿತ್ತು. ರಕ್ತ ಇಲ್ಲ. ಕತ್ತಲು ಮಾಡಿ ಇಟ್ಟಿದೀನಿ. ಫಾರೆಸ್ಟ್‌ನೋರ 1926 ನಂಬರಿಗೂ ಹೇಳಿದೀನಿ. ಹಾಲು ಹಾಕಿಲ್ಲ."

"ಸಂಜೆ ತನಕ ಮುಟ್ಬೇಡ" ಅಂದೆ.

ಪರದೆಯ ಮೂಲೆಯಲ್ಲಿ ನಮ್ಮತ್ತೆ ಕಾಣಿಸಿದರು, ಸೆರಗು ಮೂಗಿಗೆ ಒತ್ತಿಕೊಂಡು. "ನೋಡಿ ಅಳಿಯಂದ್ರೆ ಇವನ್ನ, ಗೂಬೆ ತಂದು ಅಂಗಡೀಲಿ ಇಟ್ಕೊಂಡವ್ನೆ. ಶನಿವಾರ ಬೇರೆ. ವ್ಯಾಪಾರ ಏನಾಗ್ಬೇಕು?" ಎಂದು ಸಾಕಷ್ಟು ಬೈದರು. ಬೈದು ಮುಗಿಸಿ ಡಬ್ಬಿಯ ತೂತಿಗೆ ಕಣ್ಣು ಹಚ್ಚಿದರು.

"ಉಸಿರಾಡ್ತೈತಾ ಅದು?"